ಸರಾಸರಿಗೆ ನಾನು ಒಪ್ಪಲಿಲ್ಲ

ನನ್ನ ಗೈಡು ಕೆಂಪು ಪೆನ್ನಿನಲ್ಲಿ ಗ್ರಾಫಿನ ಮೇಲ್ತುದಿಯ ಒಂದು ಚುಕ್ಕೆಗೆ ಸುತ್ತು ಹಾಕಿ, ಇದೊಂದನ್ನು ತೆಗೆದುಬಿಟ್ಟರೆ ನಿನ್ನ ಪಿಎಚ್.ಡಿ. ಮುಗಿದ ಹಾಗೇ ಅಂದಾಗ ನನಗೆ ಮೊದಲು ಆದದ್ದು ಸಂತೋಷ. ಸಿಟ್ಟು ಬಂದದ್ದು ಆಮೇಲೆ, ಶಿವಮೊಗ್ಗದ ಬಸ್ ಸ್ಟ್ಯಾಂಡಿಗೆ ಬಂದು ಭದ್ರಾವತಿ ಬಸ್ಸಿನಲ್ಲಿ ಕೂತ ಮೇಲೆ. ಸುಳ್ಳು ಯಾಕೆ ಹೇಳಲಿ? ಮೂವತ್ತೆಂಟು ವರ್ಷದವಳಿಗೆ, ನಾಲ್ಕು ವರ್ಷದಿಂದ ಶನಿವಾರ ಭಾನುವಾರ ಅನ್ನದೆ ಓಡಾಡಿದವಳಿಗೆ, 'ಮುಗಿದ ಹಾಗೇ' ಅನ್ನೋ ಮಾತು ಕಿವಿಗೆ ಬಿದ್ದರೆ ಹೇಗಿರುತ್ತೆ ಅಂತ ಪಾರ್ಟ್ ಟೈಮ್ ಓದಿದವರಿಗೆ ಮಾತ್ರ ಗೊತ್ತು.

ಅದು ಎರಡು ಸಾವಿರದ ಐದನೇ ಇಸವಿ. ನಾನು ಭದ್ರಾವತಿಯಲ್ಲಿ ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಪಾಠ ಹೇಳ್ತಿದ್ದೆ. ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದೆ. ಐದು ವರ್ಷದೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು ಅನ್ನೋದು ನಿಯಮ, ನನ್ನ ಕೈಲಿ ಉಳಿದದ್ದು ಒಂದೇ ವರ್ಷ. ಮನೆಯಲ್ಲಿ ಇದ್ದದ್ದು ನಾನು ಮತ್ತು ಅಪ್ಪ. ಅಮ್ಮ ನಾನು ಓದುತ್ತಿರುವಾಗಲೇ ತೀರಿಕೊಂಡಿದ್ದಳು. ಮದುವೆ ಮಾಡಿಕೊಳ್ಳಲಿಲ್ಲ, ಅದಕ್ಕೆ ಕಾರಣ ಹೇಳುವ ಅಗತ್ಯ ನನಗೆ ಆಗಲೂ ಕಂಡಿರಲಿಲ್ಲ, ಈಗಲೂ ಇಲ್ಲ.

ಅಪ್ಪ ಮಾಚೇನಹಳ್ಳಿಯಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಹುಯ್ಯೋ ಒಂದು ಫೌಂಡ್ರಿಯಲ್ಲಿ ಕ್ರೇನ್ ಓಡಿಸಿ ರಿಟೈರ್ ಆದವನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಾನು ಪಿಎಚ್.ಡಿ.ಗೆ ಸೇರಿದ ದಿನವೇ ನಮ್ಮ ಗಲ್ಲಿಗೆಲ್ಲ ಸುದ್ದಿ ಹಬ್ಬಿಸಿದ್ದ. ಇಸ್ತ್ರಿ ಅಂಗಡಿಯವನಿಂದ ಹಿಡಿದು ಪಕ್ಕದ ಮನೆಯ ತಮಿಳು ಅಜ್ಜಿಯವರೆಗೆ ಎಲ್ಲರಿಗೂ 'ನಮ್ಮ ಹುಡುಗಿ ಡಾಕ್ಟರ್ ಆಗ್ತಿದ್ದಾಳೆ, ಸೂಜಿ ಚುಚ್ಚೋ ಡಾಕ್ಟರ್ ಅಲ್ಲ' ಅಂತ. ಆ ಅಜ್ಜಿ ಮಾತ್ರ ಅದನ್ನು ಒಪ್ಪದೆ, ತನ್ನ ಮಂಡಿನೋವಿನ ಕಥೆಯನ್ನು ವಾರಕ್ಕೊಮ್ಮೆ ನನಗೆ ಒಪ್ಪಿಸುತ್ತಿದ್ದಳು.

ನಾನು ಏನು ಓದ್ತಿದ್ದೀನಿ ಅಂತ ಕೇಳಿದವರಿಗೆ ಚಿಪ್ಪಿನೊಳಗಿನ ಟ್ರಾಫಿಕ್ಕು ಅಂತ ಹೇಳ್ತಿದ್ದೆ. ನಮ್ಮ ಸ್ಟಾಫ್ ರೂಮಿನಲ್ಲಿ ಅದೊಂದು ದೊಡ್ಡ ತಮಾಷೆ. ಶಿವಮೊಗ್ಗದ ಗಾಂಧಿ ಬಜಾರಿನೊಳಗೆ ತಳ್ಳುಗಾಡಿ, ಆಟೋ, ದನ ಎಲ್ಲಾ ಸಿಕ್ಕಿಕೊಂಡು ನಿಂತಿವೆ, ಅದನ್ನು ಮೊದಲು ಬಿಡಿಸಿ ಮೇಡಂ, ಆಮೇಲೆ ಚಿಪ್ಪಿನೊಳಗೆ ಹೋಗಿ ಅಂತ ಒಬ್ಬರು. ಚಿಪ್ಪಿನೊಳಗೆ ಪೊಲೀಸು ನಿಲ್ಲೋಕೆ ಜಾಗ ಇದೆಯಾ ಅಂತ ಇನ್ನೊಬ್ಬರು. ನಾನು ನಗುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಒಬ್ಬೊಬ್ಬರನ್ನೂ ನೆನಪಿಟ್ಟುಕೊಳ್ಳುತ್ತಿದ್ದೆ.

ವಿಷಯ ಅಷ್ಟೇನೂ ಕಷ್ಟದ್ದಲ್ಲ. ಆಗ ಒಂದು ಚಿಪ್ಪಿನಲ್ಲಿ ಒಂದೇ ಪ್ರೊಸೆಸರ್ ಇರುವ ಕಾಲ ಮುಗಿಯುತ್ತಾ ಬಂದಿತ್ತು. ನಾಲ್ಕು, ಎಂಟು, ಹದಿನಾರು ಕೂರಿಸೋಣ ಅಂತ ಜಗತ್ತೆಲ್ಲ ಮಾತಾಡ್ತಿತ್ತು. ಅಷ್ಟನ್ನು ಕೂರಿಸಿದ ಮೇಲೆ ಅವು ಒಂದಕ್ಕೊಂದು ಸುದ್ದಿ ಕಳಿಸಬೇಕಲ್ಲ. ಎಲ್ಲರಿಂದ ಎಲ್ಲರಿಗೂ ತಂತಿ ಎಳೆಯೋಕೆ ಜಾಗ ಸಾಲಲ್ಲ. ಅದಕ್ಕೇ ಚಿಪ್ಪಿನೊಳಗೇ ರಸ್ತೆ, ರಸ್ತೆ ಸೇರುವ ಕಡೆ ಜಂಕ್ಷನ್. ಸುದ್ದಿಯನ್ನು ಪ್ಯಾಕೆಟ್ ಮಾಡಿ ಆ ರಸ್ತೆಗೆ ಬಿಡೋದು. ಒಂದೇ ರಸ್ತೆಗೆ ಎರಡು ಪ್ಯಾಕೆಟ್ ಬಂದರೆ ಯಾರು ಮೊದಲು ಹೋಗಬೇಕು, ಯಾರು ನಿಲ್ಲಬೇಕು ಅಂತ ಹೇಳೋದು ನನ್ನ ಕೆಲಸ.

ಆದರೆ ನನ್ನದು ಮಾಮೂಲಿ ಕಂಪ್ಯೂಟರಿನ ಚಿಪ್ಪಲ್ಲ, ಗಡುವು ಇರುವ ಕೆಲಸದ ಚಿಪ್ಪು. ಕಾರಿನಲ್ಲಿ ಕೂತವನು ಬ್ರೇಕ್ ಒತ್ತಿದ ಅಂದುಕೊಳ್ಳಿ. ಬ್ರೇಕ್ ಒತ್ತಿದ ಸುದ್ದಿ ಚಕ್ರದ ಕಡೆ ಹೋಗಬೇಕು. ಅದೇ ಚಿಪ್ಪಿನಲ್ಲಿ, ಅದೇ ರಸ್ತೆಯಲ್ಲಿ, ಹಾಡು ನುಡಿಸುವ ಸುದ್ದಿಯೂ ಓಡಾಡ್ತಿದೆ. ಹಾಡು ಚೂರು ತಡವಾದರೆ ಯಾರ ಗಂಟೂ ಹೋಗಲ್ಲ. ಬ್ರೇಕಿನ ಸುದ್ದಿ ಗಡುವು ಮೀರಿ ಬಂದರೆ ಅದು ಬರದೇ ಇದ್ದ ಹಾಗೇ, ಎಷ್ಟೇ ಸರಿಯಾಗಿದ್ದರೂ ಪ್ರಯೋಜನ ಇಲ್ಲ.

ನಾನು ಮಾಡಿದ ಏರ್ಪಾಡು ಸರಳ. ತುರ್ತಿನ ಪ್ಯಾಕೆಟ್ಟುಗಳಿಗೆ ಪ್ರತಿ ಜಂಕ್ಷನ್ನಿನಲ್ಲೂ ನಿಲ್ಲೋಕೆ ಬೇರೆ ಪುಟ್ಟ ಜಾಗ. ದಾರಿ ಖಾಲಿಯಾದ ಕೂಡಲೇ ಅವೇ ಮೊದಲು, ಮಿಕ್ಕವು ಆಮೇಲೆ. ಇದನ್ನೆಲ್ಲ ಪ್ರೋಗ್ರಾಮ್ ಬರೆದು ಕಂಪ್ಯೂಟರಿನಲ್ಲಿ ಓಡಿಸಿ ನೋಡ್ತಿದ್ದೆ. ಶಿವಮೊಗ್ಗದ ಲ್ಯಾಬಿನಲ್ಲಿ ನನಗೆ ಅಂತ ಒಂದು ಹಳೇ ಕಂಪ್ಯೂಟರ್ ಕೊಟ್ಟಿದ್ದರು. ಒಂದು ಸಲ ಓಡಿಸಿದರೆ ಪೂರ್ತಿ ಒಂದು ದಿನ ಬೇಕು. ನಡುವೆ ಕರೆಂಟು ಹೋಯ್ತೋ, ಮುಗೀತು, ಮತ್ತೆ ಮೊದಲಿಂದ. ಯುಪಿಎಸ್ ಇತ್ತು, ಅದರ ಬ್ಯಾಟರಿ ಸತ್ತು ಎಷ್ಟು ಕಾಲ ಆಗಿತ್ತೋ ದೇವರಿಗೇ ಗೊತ್ತು. ಲೋಡ್ ಶೆಡ್ಡಿಂಗ್ ಇಲ್ಲದ ದಿನವನ್ನು ನಾನು ಹಬ್ಬದ ದಿನದ ಹಾಗೆ ಎದುರು ನೋಡ್ತಿದ್ದೆ.

ಫಲಿತಾಂಶ ಚೆನ್ನಾಗಿಯೇ ಬಂತು. ಸರಾಸರಿ ತೆಗೆದರೆ ನನ್ನ ಪ್ಯಾಕೆಟ್ಟುಗಳು ಬೇರೆಯವರ ಏರ್ಪಾಡಿಗಿಂತ ಬೇಗ ಮುಟ್ಟುತ್ತಿದ್ದವು. ಲಕ್ಷಾಂತರ ಚುಕ್ಕೆಗಳು ಗ್ರಾಫಿನ ಕೆಳಗೆ ಒಟ್ಟಾಗಿ ಕೂತಿದ್ದವು, ಒಂದು ಬಿಟ್ಟು. ಆ ಒಂದು ಮಾತ್ರ ಗಡುವಿನ ಗೆರೆ ದಾಟಿ ಎಲ್ಲೋ ಮೇಲೆ ಹೋಗಿ ಕೂತಿತ್ತು. ಅದು ತುರ್ತಿನ ಪ್ಯಾಕೆಟ್ಟು. ನಮ್ಮ ಲೆಕ್ಕದಲ್ಲಿ ಹೇಳಬೇಕು ಅಂದರೆ, ಬ್ರೇಕಿನ ಸುದ್ದಿ.

ಗೈಡು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದರೆ ಮುಂದೆ ಅವರ ಮೇಲೆ ನಾನು ಕೂಗಾಡೋದಿದೆ. ಭದ್ರಾವತಿಯ ಡಿಪ್ಲೊಮಾ ಟೀಚರ್ ಒಬ್ಬಳನ್ನು ಯಾರೂ ಸೇರಿಸಿಕೊಳ್ಳದಿದ್ದಾಗ ಸೇರಿಸಿಕೊಂಡವರು ಅವರೇ. ಅವರ ವಾದ ಇಷ್ಟೇ: ಎಲ್ಲರೂ ಸರಾಸರಿಯನ್ನೇ ಬರೆಯೋದು, ಲಕ್ಷಕ್ಕೊಂದು ಎಡವಟ್ಟಾದರೆ ಅದು ಪ್ರೋಗ್ರಾಮಿನ ತಪ್ಪೋ ಏನೋ, ಅದನ್ನು ಬಿಟ್ಟು ಬರೆದರೆ ಯಾರೂ ಕೇಳಲ್ಲ. ಬೇಕಿದ್ದರೆ ಸ್ವಲ್ಪ ಕಡಿಮೆ ಹೊತ್ತು ಓಡಿಸು, ಆ ಚುಕ್ಕೆ ಬರೋಕೆ ಮೊದಲೇ ನಿಲ್ಲಿಸು, ಆಗ ತೆಗೆದು ಹಾಕಿದ ಪಾಪವೂ ನಿನ್ನ ತಲೆಗೆ ಬರಲ್ಲ ಅಂತಲೂ ಉಪಾಯ ಹೇಳಿಕೊಟ್ಟರು.

ನಾನು ತೆಗೆದೆ. ಹೌದು, ತೆಗೆದೆ. ಮಾರನೇ ಶನಿವಾರ ಲ್ಯಾಬಿನಲ್ಲಿ ಕೂತು, ಆ ಒಂದು ಸಾಲನ್ನು ಅಳಿಸಿ, ಗ್ರಾಫ್ ಮತ್ತೆ ಬರೆಸಿದೆ. ಎಷ್ಟು ಚಂದ ಇತ್ತು ಅಂತೀರಿ! ಗಾಂಧಿ ಬಜಾರಿಗೆ ಹೋಗಿ ಒಳ್ಳೇ ಕಾಗದದ ಮೇಲೆ ಪ್ರಿಂಟ್ ಹಾಕಿಸಿಕೊಂಡು, ಬಟ್ಟೆ ಅಂಗಡಿಗಳ ಸಂದಿಯಲ್ಲಿ ನಿಂತು ಎರಡು ಸಲ ನೋಡಿದೆ. ಅಲ್ಲಿ ಒಬ್ಬ ಹೆಂಗಸು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ರಸ್ತೆ ದಾಟುತ್ತಿದ್ದಳು, ಒಬ್ಬ ಸ್ಕೂಟರಿನವನು ಗಕ್ಕನೆ ಬ್ರೇಕ್ ಹಾಕಿ, ಅವಳಿಗೆ ಬೈದು ಹೋದ. ಏನೂ ಆಗಲಿಲ್ಲ. ದಿನಾ ಆಗೋದೇ ಅದು. ಆದರೆ ನನ್ನ ಕೈಲಿದ್ದ ಕಾಗದ ನೋಡಿ ನನಗೇ ಹೇಸಿಗೆ ಆಯ್ತು. ಅಲ್ಲೇ ಹರಿದು, ಬಾಳೆಹಣ್ಣಿನ ಗಾಡಿಯವನ ಕಸದ ಬುಟ್ಟಿಗೆ ಹಾಕಿ ಬಸ್ ಹತ್ತಿದೆ.

ಸೋಮವಾರ ಫೋನ್ ಮಾಡಿ ಗೈಡಿಗೆ ಹೇಳಿದೆ, ತೆಗೆಯಲ್ಲ ಸರ್ ಅಂತ. ಅದು ಯಾಕೆ ತಡವಾಯ್ತು ಅಂತ ಗೊತ್ತಾಗುವವರೆಗೆ ನಾನು ಒಂದು ಪುಟವನ್ನೂ ಬರೆಯಲ್ಲ ಅಂದೆ. ಅವರು, ಕ್ಯಾಲೆಂಡರ್ ನೋಡ್ತಾ ಇರು ಅಂತ ಹೇಳಿ ಫೋನ್ ಇಟ್ಟರು.

ಆರು ತಿಂಗಳು ಹುಡುಕಿದೆ. ಹುಡುಕೋದು ಅಂದರೆ, ಲಕ್ಷಾಂತರ ಪ್ಯಾಕೆಟ್ಟುಗಳ ಪೈಕಿ ಆ ಒಂದು ಹೊರಟ ಗಳಿಗೆಯಿಂದ ಮುಟ್ಟಿದ ಗಳಿಗೆವರೆಗೆ ಯಾವ ಜಂಕ್ಷನ್ನಿನಲ್ಲಿ ಎಷ್ಟು ಹೊತ್ತು ನಿಂತಿತ್ತು ಅಂತ ಸಾಲು ಸಾಲಾಗಿ ಓದೋದು. ಕಾಗದದ ಕಟ್ಟುಗಳನ್ನು ಮನೆಗೆ ತಂದು ನೆಲದ ಮೇಲೆ ಹಾಸ್ತಿದ್ದೆ. ಅಪ್ಪ ಕಾಲಿಡೋಕೆ ಜಾಗ ಇಲ್ಲದೆ ಗೋಡೆ ಹಿಡಿದು ಓಡಾಡ್ತಿದ್ದ. ಅದು ಮೂರನೇ ಜಂಕ್ಷನ್ನಿನಲ್ಲಿ ನಿಂತುಬಿಟ್ಟಿತ್ತು ಅಂತ ಗೊತ್ತಾಯ್ತು. ಯಾಕೆ ನಿಂತಿತು ಅಂತ ಮಾತ್ರ ಹೊಳೆಯಲಿಲ್ಲ. ಎಲ್ಲರಿಗಿಂತ ಮೊದಲು ಹೋಗು ಅಂತ ನಾನೇ ಅಪ್ಪಣೆ ಕೊಟ್ಟಿದ್ದೀನಿ, ಅದು ಹೋಗ್ತಾ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವರೆಕಾಯಿ ಬಿಡಿಸ್ತಾ ಕೂತಿದ್ದ ಅಪ್ಪ, ಏನೇ ಅದು ನಿನ್ನ ಗೋಳು, ನನಗೂ ಒಂದು ಚೂರು ಹೇಳು ಅಂದ. ಸಿಟ್ಟಿನಲ್ಲಿದ್ದೆ. ಹೇಳಿದರೆ ಇವನಿಗೇನು ಗೊತ್ತಾಗುತ್ತೆ ಅನ್ನೋ ಅಹಂಕಾರವೂ ಇತ್ತು, ಈಗ ಹೇಳೋಕೆ ನಾಚಿಕೆಯಾಗುತ್ತೆ. ಅವನಿಗೆ ಅರ್ಥ ಆಗಲಿ ಅಂತ ಅವನ ಶೆಡ್ಡಿನ ಭಾಷೆಯಲ್ಲೇ ಹೇಳಿದೆ. ನಿನ್ನ ಕ್ರೇನು ಕಾದ ಕಬ್ಬಿಣ ಎತ್ತಿಕೊಂಡು ಹೊರಟಾಗ ಗಂಟೆ ಬಾರಿಸ್ತಿದ್ದರಲ್ಲ, ಎಲ್ಲರೂ ದಾರಿ ಬಿಡ್ತಿದ್ದರಲ್ಲ, ನಾನೂ ಹಾಗೇ ಗಂಟೆ ಬಾರಿಸಿದ್ದೀನಿ, ಆದರೂ ಮೂರನೇ ಜಂಕ್ಷನ್ನಿನಲ್ಲಿ ದಾರಿ ಸಿಗ್ತಿಲ್ಲ ಅಂದೆ. ಚಿಕ್ಕವಳಿದ್ದಾಗ ಅಪ್ಪನಿಗೆ ಊಟ ತೆಗೆದುಕೊಂಡು ಹೋಗಿ ಗೇಟಿನ ಹತ್ತಿರ ನಿಂತು ಆ ಗಂಟೆ ಎಷ್ಟು ಸಲ ಕೇಳಿದ್ದೆನೋ. ಮೂವತ್ತು ವರ್ಷದಿಂದ ನನ್ನ ತಲೆಯಲ್ಲಿ ಇದ್ದದ್ದು ಅದೇ: ತುರ್ತಿನದ್ದು ಬಂತು ಅಂತ ಸಾರಿದರೆ ಸಾಕು, ದಾರಿ ತಾನಾಗಿ ಬಿಡುತ್ತೆ.

ಅಪ್ಪ ಅವರೆಕಾಯಿ ಕೆಳಗಿಟ್ಟ. ಅವನಿಗೆ ನಿಜವಾಗಿಯೂ ಬೇಜಾರಾಗಿತ್ತು.

"ಗಂಟೆ ಇರೋದು ಕೆಳಗೆ ಓಡಾಡೋ ಮನುಷ್ಯರಿಗೆ ಕಣೇ. ಮೇಲೆ ನೇತಾಡ್ತಿರೋ ಲೋಡಿಗೆ ಕಿವಿ ಇದೆಯಾ?"

ಆಮೇಲೆ ಅವನು ಹೇಳಿದ್ದು ನಾನು ಹುಟ್ಟಿದಾಗಿನಿಂದ ಆ ಮನೆಯಲ್ಲಿದ್ದೂ ಕೇಳದೇ ಇದ್ದ ವಿಷಯ. ಆ ಶೆಡ್ಡಿನಲ್ಲಿ ಇದ್ದದ್ದು ಎರಡು ಕ್ರೇನು, ಎರಡಕ್ಕೂ ಮೇಲೆ ಒಂದೇ ಜೋಡಿ ಹಳಿ. ಅಪ್ಪನದು ಕಾದ ಕಬ್ಬಿಣದ್ದು, ಇನ್ನೊಂದು ಗುಜರಿ ಎತ್ತೋದು. ಒಂದನ್ನು ಇನ್ನೊಂದು ದಾಟಿ ಹೋಗೋ ಹಾಗಿಲ್ಲ. ಗುಜರಿ ಕ್ರೇನಿನವನು ಲೋಡ್ ಎತ್ತಿಬಿಟ್ಟ, ಇಳಿಸೋ ಕಡೆ ಲಾರಿ ಅಡ್ಡ ನಿಂತಿದೆ ಅಂದರೆ ಅವನು ಮೇಲೆ ನೇತಾಡಿಸಿಕೊಂಡು ನಿಲ್ಲಬೇಕು. ಹಿಂದೆ ಅಪ್ಪ ಕಾದ ಕಬ್ಬಿಣ ಹಿಡಿದುಕೊಂಡು ನಿಲ್ಲಬೇಕು. ಗಂಟೆ ಎಷ್ಟು ಬೇಕಾದರೂ ಬಾರಿಸಿಕೋ, ಕಬ್ಬಿಣ ತಣ್ಣಗಾಗಿ ಮೇಲೆ ಕೆನೆ ಕಟ್ಟುತ್ತೆ, ಅಚ್ಚಿಗೆ ಹುಯ್ಯೋಕೆ ಬರಲ್ಲ. ಅಪ್ಪ ಮತ್ತು ಆ ಗುಜರಿ ಕ್ರೇನಿನವನು ಮಾತಾಡಿಕೊಂಡು, ಇಳಿಸೋ ಜಾಗದಲ್ಲಿ ನೆಲಕ್ಕೆ ಸುಣ್ಣದಿಂದ ಒಂದು ಚೌಕ ಬರೆದರಂತೆ. ಆ ಚೌಕ ಪೂರ್ತಿ ಖಾಲಿ ಕಂಡರೆ ಮಾತ್ರ ಗುಜರಿ ಎತ್ತೋದು. ಎತ್ತಿದ ಮೇಲೆ ಕಾಯೋದಲ್ಲ, ಎತ್ತೋಕೆ ಮೊದಲೇ ಕಾಯೋದು. ಇದರಿಂದ ಗುಜರಿ ಸಾಗಿಸೋದು ನಿಧಾನ ಆಯ್ತು, ಸೂಪರ್ವೈಸರ್ ಕೂಗಾಡಿದ. ಇವರಿಬ್ಬರೂ ಜಗ್ಗಲಿಲ್ಲ.

"ನಿನ್ನ ಮೂರನೇ ಜಂಕ್ಷನ್ನಿನಲ್ಲಿ ಅರ್ಧ ದಾಟಿ ನೇತಾಡ್ತಾ ನಿಂತದ್ದು ಯಾವುದು, ಅದನ್ನು ನೋಡು," ಅಂದ ಅಪ್ಪ. "ಬಿಸಿ ಕಬ್ಬಿಣಾನ ನೋಡಬೇಡ."

ನೋಡಿದೆ. ಇತ್ತು. ಒಂದು ಉದ್ದನೆಯ ಮಾಮೂಲಿ ಪ್ಯಾಕೆಟ್ಟು, ಅರ್ಧ ಮುಂದಿನ ಜಂಕ್ಷನ್ನಿಗೆ ಹೋಗಿ, ಮಿಕ್ಕರ್ಧ ರಸ್ತೆಯಲ್ಲೇ ನಿಂತಿತ್ತು. ಮುಂದೆ ಅದಕ್ಕೆ ಜಾಗ ಇರಲಿಲ್ಲ. ಅದು ರಸ್ತೆ ಬಿಡುವವರೆಗೆ ನನ್ನ ತುರ್ತಿನದ್ದು, ಎಷ್ಟು ದೊಡ್ಡ ಅಧಿಕಾರ ಇದ್ದರೇನು, ಕಾಯಲೇಬೇಕು. ನಾನು ನಾಲ್ಕು ವರ್ಷ ತುರ್ತಿನ ಪ್ಯಾಕೆಟ್ಟಿಗೇ ಪೂಜೆ ಮಾಡಿ, ಮಿಕ್ಕವನ್ನು ಬೀದಿಗೆ ಬಿಟ್ಟಿದ್ದೆ. ಕ್ರೇನ್ ಡ್ರೈವರ್ ಮಗಳಾಗಿ ಗಂಟೆಯನ್ನೇ ನಂಬಿ ಕೂತಿದ್ದೆ. ಬೇರೆ ಯಾರಾದರೂ ಮಾಡಿದ್ದರೆ ಕ್ಷಮೆ ಇತ್ತು, ನನಗೆ ಇರಲಿಲ್ಲ.

ನಿಯಮ ಬದಲಾಯಿಸಿದೆ. ಉದ್ದನೆಯ ಪ್ಯಾಕೆಟ್ಟು ಯಾವ ರಸ್ತೆಗಾದರೂ ಇಳಿಯೋಕೆ ಮೊದಲು ಮುಂದಿನ ಜಂಕ್ಷನ್ನಿನಲ್ಲಿ ತನಗೆ ಪೂರ್ತಿ ಜಾಗ ಇದೆಯಾ ಅಂತ ಕೇಳಬೇಕು. ಇಲ್ಲ ಅಂದರೆ ಇದ್ದಲ್ಲೇ ಇರಬೇಕು. ಅಷ್ಟೇ. ಆಮೇಲೆ ಎಷ್ಟು ದಿನ ಓಡಿಸಿದರೂ ತುರ್ತಿನ ಒಂದು ಪ್ಯಾಕೆಟ್ಟೂ ಗಡುವು ದಾಟಲಿಲ್ಲ. ಓಡಿಸಿ ನೋಡೋದೂ ಬೇಕಿರಲಿಲ್ಲ, ಅತಿ ಹೆಚ್ಚು ಅಂದರೆ ಎಷ್ಟು ಹೊತ್ತು ಕಾಯಬಹುದು ಅಂತ ಪೆನ್ನು ಕಾಗದ ಇಟ್ಟುಕೊಂಡೇ ಲೆಕ್ಕ ಹಾಕಬಹುದಿತ್ತು. ಅದನ್ನು ಬರೆದು ಮುಗಿಸಿದ ದಿನ ನಾನು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದಿದ್ದೀನಿ, ನಾಚಿಕೆ ಇಲ್ಲದೆ.

ಆದರೆ ಮಾಮೂಲಿ ಪ್ಯಾಕೆಟ್ಟುಗಳೆಲ್ಲ ಈಗ ನಿಂತು ಕೇಳಿ ಹೋಗಬೇಕಲ್ಲ, ಸರಾಸರಿ ಕೆಟ್ಟಿತು. ಚೆನ್ನಾಗಿಯೇ ಕೆಟ್ಟಿತು. ಮೊದಲು ಬೇರೆಯವರಿಗಿಂತ ಮುಂದಿದ್ದ ನಾನು ಈಗ ಎಲ್ಲರಿಗಿಂತ ಹಿಂದೆ. ಗೈಡು ಗ್ರಾಫ್ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಮ್ಮ ಪದ್ಧತಿ ಬೇರೆಯವರದಕ್ಕಿಂತ ನಿಧಾನ ಅಂತ ಯಾರಾದರೂ ಪಿಎಚ್.ಡಿ. ಬರೀತಾರೇನಮ್ಮ ಅಂತ ಕೇಳಿದರು. ನಾನು ಬರೀತೀನಿ ಸರ್ ಅಂದೆ. ಅವರ ದನಿ ಏರಿತು, ನನ್ನದೂ ಏರಿತು. ಪಕ್ಕದ ರೂಮಿನವರು ಬಾಗಿಲು ಹಾಕಿಕೊಂಡರು. ಒಂದು ಲಕ್ಷ ಸಲ ಬೇಗ ಹೋಗಿ ಒಂದು ಸಲ ಮನುಷ್ಯನನ್ನು ಕೊಂದರೆ ಅದನ್ನು ಬೇಗ ಅಂತಾರಾ ಸರ್ ಅಂತ ಕೇಳಿದೆ. ಅವರು, ನಿನ್ನ ಚಿಪ್ಪು ಇನ್ನೂ ಕಂಪ್ಯೂಟರಿನೊಳಗೇ ಇದೆ, ಯಾರನ್ನೂ ಕೊಂದಿಲ್ಲ, ಸುಮ್ಮನೆ ನಾಟಕ ಮಾಡಬೇಡ ಅಂದರು. ಅದು ನನಗೆ ತಾಗಿತು. ನಿಜವೇ ಇತ್ತು, ಅದಕ್ಕೇ ತಾಗಿತು.

ಎರಡು ಸಾವಿರದ ಆರರಲ್ಲಿ ಸಮಿತಿಯ ಮುಂದೆ ನಿಂತೆ. ಪ್ರಬಂಧ ಒಪ್ಪಿಸೋಕೆ ಮೊದಲು ಅವರ ಒಪ್ಪಿಗೆ ಬೇಕು. ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ನಾಲ್ಕು ಜನ, ಗೈಡೂ ಸೇರಿ. ಮುಂದೆ ಗೋಡಂಬಿ ಬಿಸ್ಕತ್ತು, ಟೀ. ಗೈಡು ಹಿಂದಿನ ದಿನ ಫೋನ್ ಮಾಡಿ ಕೊನೇ ಸಲ ಹೇಳಿದ್ದರು, ಹಳೇ ಗ್ರಾಫ್ ತೋರಿಸು, ಹೊಸ ನಿಯಮವನ್ನು ಕೊನೇ ಅಧ್ಯಾಯದಲ್ಲಿ 'ಮುಂದೆ ಮಾಡಬಹುದಾದ ಕೆಲಸ' ಅಂತ ಸೇರಿಸು, ಮಿಕ್ಕದ್ದು ನಾನು ನೋಡಿಕೊಳ್ತೀನಿ ಅಂತ. ನಾನು ಹಳೇ ಗ್ರಾಫೂ ತೋರಿಸಿದೆ, ಚುಕ್ಕೆ ಸಮೇತ. ಹೊಸದನ್ನೂ ತೋರಿಸಿದೆ, ಕೆಟ್ಟ ಸರಾಸರಿ ಸಮೇತ.

ಹೊರಗಿನಿಂದ ಬಂದಿದ್ದ ಹಿರಿಯರೊಬ್ಬರು ಬಿಸ್ಕತ್ತನ್ನು ಟೀಗೆ ಅದ್ದುತ್ತಾ, ನಿಮ್ಮದು ನಿಧಾನ ಅಂತ ನೀವೇ ಒಪ್ಪಿಕೊಳ್ತಿದ್ದೀರಲ್ಲ, ಹಾಗಾದರೆ ಕೊಡುಗೆ ಏನು ಅಂತ ಕೇಳಿದರು.

"ಸರ್, ನೀವು ಇಲ್ಲಿಗೆ ಕಾರಿನಲ್ಲಿ ಬಂದಿರಿ," ಅಂದೆ. "ವಾಪಸ್ ಹೋಗುವಾಗ ನಿಮ್ಮ ಬ್ರೇಕು ಸರಾಸರಿ ಚೆನ್ನಾಗಿ ಹಿಡಿದರೆ ಸಾಕಾ?"

ಯಾರೋ ನಕ್ಕರು. ಹಿರಿಯರು ನಗಲಿಲ್ಲ. ಅವರ ಮುಖ ಬಿಗಿಯಾದದ್ದು ನೋಡಿದಾಗಲೇ ನನಗೆ ಗೊತ್ತಾಯ್ತು, ಕಥೆ ಮುಗೀತು ಅಂತ. ವಾಪಸ್ ತೆಗೆದುಕೊಳ್ಳೋಕೆ ಆಗ್ತಿತ್ತು. ಕ್ಷಮಿಸಿ ಸರ್ ಅಂದಿದ್ದರೆ ಆಗ್ತಿತ್ತು. ನನ್ನ ಬಾಯಿ ಆ ಮಾತಿಗೆ ತೆರೆಯಲಿಲ್ಲ. ಅರ್ಧ ಗಂಟೆ ಹೊರಗೆ ಕೂರಿಸಿ, ಒಳಗೆ ಕರೆದು ತೀರ್ಮಾನ ಹೇಳಿದರು. ಸರಾಸರಿಯಲ್ಲಿ ಸುಧಾರಣೆ ತೋರಿಸಿದರೆ ಮಾತ್ರ ಒಪ್ಪಿಗೆ, ಅವಧಿ ವಿಸ್ತರಣೆ ಇಲ್ಲ. ಉಳಿದದ್ದು ಐದು ವಾರ.

ಗೈಡು ಗೇಟಿನವರೆಗೆ ಬಂದರು. ಹಳೇ ಏರ್ಪಾಡನ್ನೇ ಐದು ವಾರದಲ್ಲಿ ಬರೆದು ಮುಗಿಸಬಹುದು, ಈಗಲೂ ಕಾಲ ಮಿಂಚಿಲ್ಲ ಅಂತ ಮೆಲ್ಲಗೆ ಹೇಳಿದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಅದು ತಪ್ಪು ಅಂತ ಗೊತ್ತಿದ್ದೂ ನನ್ನ ಹೆಸರು ಹಾಕಿ ಹೇಗೆ ಕೊಡಲಿ ಸರ್ ಅಂದೆ. ನಿನಗೆ ಗೈಡ್ ಆಗೋದು ಸುಲಭ ಅಲ್ಲಮ್ಮ ಅಂತ ಅಂದು, ಆಟೋ ಹತ್ತಿಸಿ ಹೋದರು. ಬಸ್ಸಿನಲ್ಲಿ ಮಾಚೇನಹಳ್ಳಿ ದಾಟುವವರೆಗೆ ಅಳು ತಡೆದುಕೊಂಡಿದ್ದೆ. ಆಮೇಲೆ ಕಿಟಕಿ ಕಡೆ ಮುಖ ತಿರುಗಿಸಿ ಅತ್ತುಬಿಟ್ಟೆ, ದುಃಖಕ್ಕಿಂತ ಹೆಚ್ಚಾಗಿ ಸಿಟ್ಟಿಗೆ.

ಅಪ್ಪನಿಗೆ ಹೇಳೋದೇ ಎಲ್ಲಕ್ಕಿಂತ ಕಷ್ಟ ಆಯ್ತು. ಅವನ ಸುಣ್ಣದ ಚೌಕದಿಂದಲೇ ನನಗೆ ಡಿಗ್ರಿ ತಪ್ಪಿತು ಅಂತ ಅವನು ಅಂದುಕೊಂಡುಬಿಟ್ಟರೆ ಅಂತ ಭಯ. ಅಂದುಕೊಂಡ ಕೂಡಾ. ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಮಾರನೇ ದಿನ ತಿಂಡಿ ಹೊತ್ತಿಗೆ, ನಾನು ಸುಮ್ಮನೆ ಬಾಯಿ ಮುಚ್ಚಿಕೊಂಡು ಇರಬೇಕಿತ್ತು ಅಂದ. ಅದಕ್ಕೆ ನಾನು ಅವನ ಮೇಲೆ ರೇಗಿದೆ. ಇನ್ನೊಂದು ಸಲ ಆ ಮಾತು ಆಡಿದರೆ ಮನೆ ಬಿಟ್ಟು ಹೋಗ್ತೀನಿ ಅಂದೆ. ಎಲ್ಲಿಗೆ ಹೋಗ್ತೀಯ ಮಾರಾಯ್ತಿ, ಮನೆ ನಿನ್ನ ಹೆಸರಿನಲ್ಲೇ ಇದೆ ಅಂತ ಹೇಳಿ ಅವನು ಇನ್ನೊಂದು ದೋಸೆ ಹಾಕಿಸಿಕೊಂಡ.

ಐದು ವಾರ ಮುಗಿದ ಮೇಲೆ ನನ್ನ ಮೂಲ ಅಂಕಪಟ್ಟಿಗಳನ್ನು ವಾಪಸ್ ತರೋಕೆ ಶಿವಮೊಗ್ಗಕ್ಕೆ ಹೋದೆ. ನೋಂದಣಿ ಮಾಡುವಾಗ ಅವನ್ನು ಒಪ್ಪಿಸಿರುತ್ತೇವೆ, ಬಿಡುವಾಗ ಒಂದು ಫಾರಂ ತುಂಬಿದರೆ ಕೊಡ್ತಾರೆ. ಫಾರಂ ಒಂದೇ ಪುಟದ್ದು. ಕೊನೆಯಲ್ಲಿ ಒಂದು ಸಾಲು: ಸಂಶೋಧನೆ ನಿಲ್ಲಿಸಲು ಕಾರಣ. ನಾನು ಪೆನ್ನು ಹಿಡಿದು ಯೋಚಿಸ್ತಾ ನಿಂತದ್ದು ನೋಡಿ ಕೌಂಟರಿನ ಗುಮಾಸ್ತರಿಗೆ ಕನಿಕರ ಬಂತು. ಒಳ್ಳೇ ಮನುಷ್ಯ. ಹಳೇ ಫಾರಂಗಳ ಕಟ್ಟು ತೆಗೆದು ನನ್ನ ಮುಂದೆ ಹಿಡಿದರು. ಬಿಟ್ಟು ಹೋದ ಹೆಂಗಸರೆಲ್ಲರೂ ಅಲ್ಲಿ ಒಂದೇ ಮಾತು ಬರೆದಿದ್ದರು: ಕೌಟುಂಬಿಕ ಕಾರಣ. ಬೇರೆ ಬೇರೆ ಕೈಬರಹ, ಮಾತು ಒಂದೇ.

"ಲೇಡೀಸ್ ಎಲ್ಲಾ ಇದನ್ನೇ ಬರೆಯೋದು ಮೇಡಂ," ಅಂದರು. "ನೀವೂ ಬರೆದುಬಿಡಿ, ಯಾರೂ ಏನೂ ಕೇಳಲ್ಲ."

ನನ್ನ ಕುಟುಂಬ ಅಂದರೆ ಅಪ್ಪ. ಬಸ್ ತಪ್ಪಿದರೆ ಬೈದು, ಬೆಳಿಗ್ಗೆ ಟೀ ಮಾಡಿ ಕೊಟ್ಟು, ನೆಲದ ತುಂಬಾ ಕಾಗದ ಹಾಸಿದಾಗ ಗೋಡೆ ಹಿಡಿದು ನಡೆದವನು. ಅವನ ತಲೆಗೆ ಇದನ್ನು ಕಟ್ಟಬೇಕಾ? ಆ ಕಟ್ಟಿನಲ್ಲಿದ್ದ ಮಿಕ್ಕ ಹೆಂಗಸರ ಮನೆಯವರನ್ನೂ ನೆನೆದೆ, ಎಷ್ಟು ಜನ ನಿಜವಾಗಿ ಅಡ್ಡ ಬಂದಿದ್ದರೋ, ಎಷ್ಟು ಜನರ ಮೇಲೆ ಸುಮ್ಮನೆ ಹೊರಿಸಿದ್ದೋ.

ನಾನು ಬರೆದೆ. 'ನನ್ನ ಪದ್ಧತಿಯಲ್ಲಿ ಸರಾಸರಿ ವೇಗ ಕಡಿಮೆ. ಆದರೆ ತುರ್ತಿನ ಒಂದು ಪ್ಯಾಕೆಟ್ಟೂ ಗಡುವು ಮೀರುವುದಿಲ್ಲ. ಗಡುವು ಮೀರುವ ಹಳೆಯ ಪದ್ಧತಿಯನ್ನೇ ಬರೆದುಕೊಡಲು ಹೇಳಿದರು. ನಾನು ಒಪ್ಪಲಿಲ್ಲ.' ಒಂದು ಸಾಲಿನ ಜಾಗದಲ್ಲಿ ಅಷ್ಟು ಹಿಡಿಸಲಿಲ್ಲ, ಅಂಚಿಗೆ ಹೋಗಿ, ಮಡಚಿ, ಮೇಲಕ್ಕೆ ತಿರುಗಿತು.

ಗುಮಾಸ್ತರು ಓದಿ, ಹೀಗೆಲ್ಲ ಬರೆದರೆ ವಾಪಸ್ ಕಳಿಸ್ತಾರೆ ಮೇಡಂ, ಅಂಕಪಟ್ಟಿ ಸಿಗಲ್ಲ ಅಂದರು. ಕಳಿಸಲಿ ಅಂದೆ. ಕಳಿಸಿದರು. ಭದ್ರಾವತಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂತು, 'ಸೂಕ್ತ ಕಾರಣ ನಮೂದಿಸಿ' ಅಂತ ಷರಾ ಹಾಕಿ. ಹೊಸ ಫಾರಂ ತಂದು ಅದೇ ನಾಲ್ಕು ವಾಕ್ಯ ಬರೆದೆ. ಮತ್ತೆ ಬಂತು. ಮೂರನೇ ಸಲ ನಾನು ಪೋಸ್ಟಿಗೆ ಹಾಕದೆ ಕೌಂಟರಿಗೇ ಹೋದೆ, ಬೆಳಿಗ್ಗೆ ಹತ್ತಕ್ಕೆ ಹೋಗಿ ಬೆಂಚಿನ ಮೇಲೆ ಕೂತೆ, ಊಟದ ಹೊತ್ತಿಗೂ ಏಳಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಒಳಗಿನ ಸಾಹೇಬರು ಹೊರಗೆ ಬಂದು ನನ್ನನ್ನೂ ಫಾರಮನ್ನೂ ನೋಡಿ, ಸೀಲು ಹಾಕಿಸಿದರು.

ಐದು ವರ್ಷದ ಕೆಲಸದಲ್ಲಿ ಅವರ ಫೈಲಿಗೆ ಸೇರಿದ್ದು ಆ ನಾಲ್ಕು ವಾಕ್ಯ ಮಾತ್ರ. ಕೌಟುಂಬಿಕ ಕಾರಣಗಳ ಆ ಕಟ್ಟಿನ ಮೇಲೆಯೇ ಗುಮಾಸ್ತರು ಅದನ್ನು ಇಟ್ಟು, ದಾರ ಬಿಗಿದು ಕಟ್ಟಿದರು. ನಾನು ನಿಂತು ನೋಡಿ, ಅಂಕಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಬಂದೆ.